ನಾವು ಬೆಂಚು, ಡೆಸ್ಕು ಮಾಡುವವರು. ನಗರಸಭೆ ಟೆಂಡರ್‌ನಲ್ಲಿ ಎಲ್‌1 (ಎಲ್ಲರಿಗಿಂತ ಕಡಿಮೆ ದರದವರು) ಆಗಲು ದರ ಎಷ್ಟು ಇಳಿಸಬೇಕು? ಒಳಗೆ ಪರಿಚಯದವರು ಬೇಕಾ?

ಎಲ್‌1 ಆಗೋದು ದೊಡ್ಡ ಕೆಲಸ ಅಲ್ಲ ಸರ್. ಮೊದಲನೇ ಟೆಂಡರ್‌ನಲ್ಲೇ ನಾನು ಆಗಿದ್ದೆ. ಆಗದೇ ಇದ್ದಿದ್ರೆ ಚೆನ್ನಾಗಿತ್ತು.

ಬೆಳಗಾವಿ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ನೀವು ಬೆಂಚು, ಡೆಸ್ಕು ಮಾಡುತ್ತೀರಿ, ನಾವು ತಿಜೋರಿ (ಸ್ಟೀಲ್ ಬೀರು), ಫೈಲ್ ರ‍್ಯಾಕು. ಈ ಕಡೆಯದೇ ಒಂದು ಸ್ಥಳೀಯ ಸಂಸ್ಥೆ ದಾಖಲೆ ಕೋಣೆಗೆ ತಿಜೋರಿ ಬೇಕು ಅಂತ ಟೆಂಡರ್ ಕರೆದಿತ್ತು. ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಿದೆ, ಡಿಜಿಟಲ್ ಸಹಿ ಮಾಡಿಸಿದೆ, ಮೊದಲನೇ ಕವರ್‌ನ (ಅರ್ಹತೆ ತೋರಿಸುವ) ಕಾಗದಗಳನ್ನು ಮತ್ತೆ ಮತ್ತೆ ನೋಡಿದೆ. ದರ ಹಾಕುವ ಹಾಳೆಯನ್ನು ಮಾತ್ರ ಸರಿಯಾಗಿ ಓದಲಿಲ್ಲ. ದರದ ಕಾಲಂ ತಲೆಯ ಮೇಲೇ ಬರೆದಿತ್ತು: ಎಲ್ಲ ತೆರಿಗೆ, ಸಾಗಾಟ ಸೇರಿ.

ನಮ್ಮ ಅಂಗಡಿ ರೂಢಿ ಏನು? ದರ ಹೇಳಿ, ‘ಜಿಎಸ್‌ಟಿ ಬೇರೆ’ ಅನ್ನೋದು. ಅದೇ ಕೈ ಇಲ್ಲೂ ಓಡಿತು. ಲೆಕ್ಕ ಸುಲಭ ಆಗಲಿ, ತಿಜೋರಿಗೆ 10,000 ಅಂತಿಟ್ಟುಕೊಳ್ಳಿ. ಸ್ಟೀಲ್ ಫರ್ನಿಚರ್‌ಗೆ ಜಿಎಸ್‌ಟಿ 18%. ನನ್ನ ತಲೆಯಲ್ಲಿ ಬಿಲ್ 11,800. ಅವರ ಕಾಗದದಲ್ಲಿ 10,000, ತೆರಿಗೆ ಅದರೊಳಗೇ. ಅಂದ್ರೆ 10,000ವನ್ನು 1.18ರಿಂದ ಭಾಗಿಸಬೇಕು. ತೆರಿಗೆ 1,525 ಹೋಗಿ ಕೈಗೆ 8,475. ಐಟಿಸಿ (ಮಾಲು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಹೊಂದಾಣಿಕೆ) ಕಳೆದ ಮೇಲೂ ತಗಡು, ಬಣ್ಣ, ಕೂಲಿ ಸೇರಿ 9,000 ಬಿದ್ದರೆ? ಒಂದೊಂದು ತಿಜೋರಿಗೂ 525 ಲುಕ್ಸಾನು. ಟೆಂಪೊ ಬಾಡಿಗೆ, ಎರಡನೇ ಮಹಡಿಗೆ ಹತ್ತಿಸಿದ ಹಮಾಲಿ ಇನ್ನೂ ಸೇರಿಸಿಲ್ಲ. ಉಳಿದವರೆಲ್ಲ ತೆರಿಗೆ ಸೇರಿಸಿಯೇ ಹಾಕಿದ್ದರು. ನನ್ನದು ಕಡಿಮೆ ಕಾಣದೆ ಇನ್ನೇನು!

ಬಿಲ್ ಒಯ್ದಾಗ ಲೆಕ್ಕ ವಿಭಾಗದ ಗುಮಾಸ್ತರು, “ಸಾವಕಾರ್ರ, ಇದು ತೆರಿಗಿ ಸೇರಿಸಿ ಕೊಟ್ಟ ದರ ಐತಿ. ಮ್ಯಾಲೆ ಒಂದ್ ರೂಪಾಯಿ ಬರೂದಿಲ್ಲ” ಅಂದರು. ಅವರದೇನೂ ತಪ್ಪಿಲ್ಲ. ದರದ ಕವರ್ ತೆರೆದ ಮೇಲೆ ಏರಿಸೋಕೆ ಬಿಟ್ಟರೆ ಟೆಂಡರ್ ಯಾಕೆ ಬೇಕು? ಮೊದಲೇ ಗೊತ್ತಾಗಿದ್ರೂ ಹಿಂದೆ ಸರಿಯೋದು ಸುಲಭ ಇರಲಿಲ್ಲ. ಇಎಂಡಿ ಮುಟ್ಟುಗೋಲು, ಜೊತೆಗೆ ಕಪ್ಪುಪಟ್ಟಿಯ ಭಯ.

ಹಾಗಾಗಿ ‘ಎಷ್ಟು ಇಳಿಸಲಿ’ ಅನ್ನೋ ಪ್ರಶ್ನೆಯನ್ನೇ ಬಿಡಿ. ಮಾಲು ಅವರ ಕೋಣೆಯೊಳಗೆ ಇಳಿಯೋವರೆಗೆ ನಿಮಗೆ ಎಷ್ಟು ಬೀಳುತ್ತೆ? ಅದಕ್ಕೆ ನಿಮ್ಮ ಲಾಭ ಸೇರಿಸಿ, ತೆರಿಗೆ ಸೇರಿಸಿ, ಅಷ್ಟೇ ಹಾಕಿ. ಬೇರೆಯವರು ಅದಕ್ಕಿಂತ ಕೆಳಗೆ ಹೋದರೆ ಹೋಗಲಿ ಬಿಡಿ.

ಪರಿಚಯದ ಮಾತು. ನನಗೆ ಒಳಗೆ ಯಾರೂ ಗೊತ್ತಿರಲಿಲ್ಲ, ಆದ್ರೂ ಸಿಕ್ತು. ಒಬ್ಬರಿಗೇ ಹೊಂದುವ ಹಾಗೆ ಷರತ್ತು ಬರೆಯೋದು ಎಲ್ಲೂ ಇಲ್ಲ ಅಂತ ನಾನೇನೂ ಆಣೆ ಮಾಡಲ್ಲ. ಅಂಥದ್ದು ಕಂಡರೆ ಗಡುವಿನೊಳಗೆ ಲಿಖಿತವಾಗಿ ವಿವರಣೆ ಕೇಳಿ. ಟೆಂಡರ್ ಒಪ್ಪಿದ ಆದೇಶದಲ್ಲೇ ಅನ್ಯಾಯ ಆಗಿದೆ ಅನ್ನಿಸಿದರೆ ಕರ್ನಾಟಕದ ಸರ್ಕಾರಿ ಖರೀದಿಗಳ 1999ರ ಕೆಟಿಪಿಪಿ (ಪಾರದರ್ಶಕತೆ) ಕಾಯ್ದೆಯ 16ನೇ ಕಲಂ ಇದೆ. ಆದೇಶ ಕೈಸೇರಿ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಚಹಾದಂಗಡಿಯಲ್ಲಿ ಬೈಯುತ್ತಾ ಕೂತರೆ ಆ ದಿನಗಳೂ ಹೋಗುತ್ತವೆ.

ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ನೋಂದಣಿ) ಇದೆ ಅಂತ ಇಎಂಡಿ ಕಟ್ಟದೇ ಇರಬೇಡಿ. ಮಾಫಿ ಇದೆಯೋ ಇಲ್ಲವೋ ಆ ಟೆಂಡರ್ ಕಾಗದದಲ್ಲೇ ನೋಡಿ. ಇನ್ನು, ತೆರಿಗೆ ಬಿಟ್ಟು ಗುತ್ತಿಗೆ ಮೊತ್ತ 2.5 ಲಕ್ಷ ದಾಟಿದರೆ ಬಿಲ್‌ನಲ್ಲಿ 2% ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತಾರೆ. ರೊಕ್ಕ ಕಡಿಮೆ ಬಂತು ಅಂತ ಗಾಬರಿ ಬೇಡ. ಅವರು ರಿಟರ್ನ್ ಹಾಕಿದ ಮೇಲೆ ನಿಮ್ಮ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣುತ್ತೆ. ನೀವು ಒಪ್ಪಿಗೆ ಒತ್ತಿದರೆ ಕ್ಯಾಶ್ ಲೆಡ್ಜರ್‌ಗೆ (ಜಿಎಸ್‌ಟಿ ಕಟ್ಟೋಕೆ ಬಳಸುವ ನಿಮ್ಮ ಖಾತೆ) ಜಮಾ ಆಗುತ್ತೆ.