ಆ ಹುಡುಗಿ ಕದ್ದು ತಿಂದಿರಲಿಲ್ಲ

ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇರುವ ಮಕ್ಕಳನ್ನು ಕರೆದುಕೊಂಡು ಪಥ್ಯದ ಸಲಹೆಗೆ ಯಾರೇ ಬಂದರೂ ನನಗೆ ಈ ಹುಡುಗಿ ನೆನಪಾಗುತ್ತಾಳೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಿಜಯಪುರ ಜಿಲ್ಲೆಯ ಹಳ್ಳಿ, ವಯಸ್ಸು 14. ಮೈಯಲ್ಲಿ ರಕ್ತ ಕಡಿಮೆ, ತೂಕ ಏರುತ್ತಿರಲಿಲ್ಲ. ಕರುಳಿನ ಬಯಾಪ್ಸಿಯಲ್ಲಿ ಕಾಯಿಲೆ ಖಚಿತವಾಗಿತ್ತು. ಗೋಧಿ ಬಿಟ್ಟು ವರ್ಷ ಕಳೆದರೂ ರಕ್ತಪರೀಕ್ಷೆಯಲ್ಲಿ ಟಿಟಿಜಿ (ಗ್ಲುಟೆನ್ ಬಿಟ್ಟರೆ ಇಳಿಯಬೇಕಾದ ಪ್ರತಿಕಾಯ) ಇಳಿದಿರಲಿಲ್ಲ. "ಕದ್ದು ತಿಂತಾಳ್ರಿ, ನೀವರ ಬುದ್ಧಿ ಹೇಳ್ರಿ" ಅಂದರು ತಾಯಿ. ಶಾಲೆ ಚೀಲವನ್ನೂ ದಿನಾ ತಡಕಾಡುತ್ತಿದ್ದರಂತೆ. ಮೊದಲ ಎರಡು ಭೇಟಿಯಲ್ಲಿ ನಾನೂ ಅದನ್ನೇ ನಂಬಿ, ಬಾಯಿ ಚಪಲ ತಡೆಯುವುದು ಹೇಗೆ ಅಂತ ಅವಳಿಗೆ ಹೇಳುತ್ತಾ ಕೂತಿದ್ದೆ.

ಮೂರನೇ ಸಲ ತಾಯಿಯನ್ನು ಹೊರಗೆ ಕೂರಿಸಿದೆ. ಹುಡುಗಿ ಬಹಳ ಹೊತ್ತು ಸುಮ್ನೆ ಇದ್ದಳು. ಆಮೇಲೆ ಅಂದಳು: "ಅಕ್ಕಾರ, ನಾ ಬರೇ ರೊಟ್ಟಿ ತಿಂತೀನ್ರಿ. ರೊಟ್ಟಿ ತಿಂದ್ರೂ ಹೊಟ್ಟಿ ನೋಯ್ತದ. ಯಾರಿಗೆ ಹೇಳ್ಲಿ?"

ಜೋಳದಲ್ಲಿ ಗ್ಲುಟೆನ್ ಇಲ್ಲವಲ್ಲ! ತಾಯಿಯನ್ನು ಒಳಗೆ ಕರೆದು, ಜೋಳ ಎಲ್ಲಿ ಬೀಸಿಸ್ತೀರಿ ಅಂತ ಕೇಳಿದೆ. "ಊರಾಗಿನ ಗಿರಣ್ಯಾಗ್ರಿ. ಮಂದಿ ಗೋಧಿ ಆದಮ್ಯಾಲ ನಮ್ಮ ಜ್ವಾಳ..." ಹೇಳುತ್ತಲೇ ಅವರ ಮುಖ ಇಳಿಯಿತು.

ಗಿರಣಿ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಜೊತೆ ನಮ್ಮ ಡಬ್ಬಿಗೇ ಬರುತ್ತದೆ. ಗ್ಲುಟೆನ್ ರಹಿತ ಅಂತ ಮಾರುವ ತಿನಿಸಿನಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅನ್ನುತ್ತದೆ ನಿಯಮ. ಒಂದು ಹಿಡಿ ಗೋಧಿ ಹಿಟ್ಟು ಬೆರೆತರೂ ಆ ಮಿತಿ ಎಲ್ಲಿ ಉಳಿಯಿತು?

ಜೋಳ ಹಸನು ಮಾಡಿ, ಗೋಧಿ ಬೀಳದ ಮನೆ ಗಿರಣಿಯಲ್ಲೋ ಅಜ್ಜಿಯ ಬೀಸುಕಲ್ಲಿನಲ್ಲೋ ಬೀಸಲು ಹೇಳಿದೆ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಇರುವುದು ಸಾಮಾನ್ಯ, ಅದನ್ನು ಬಿಡಿಸಿದೆ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಬೇಡ. ಹಬ್ಬಕ್ಕೆ ಗೋಧಿ ಹುಗ್ಗಿ ಬದಲು ನವಣೆ ಹುಗ್ಗಿ, ಅದೂ ಮನೆಮಂದಿಗೆಲ್ಲ.

ಇನ್ನೊಂದು ಮಾತನ್ನೂ ಹೇಳಿದೆ: ಚೀಲ ತಡಕಾಡುವುದನ್ನು ಇವತ್ತೇ ನಿಲ್ಲಿಸಿ. ಸಲುಗೆ ಜಾಸ್ತಿಯಾಯಿತು ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಜೀವ ಇರುವ ತನಕದ ಪಥ್ಯ, ಅನುಮಾನದ ಕಣ್ಣ ಕೆಳಗೆ ಎಷ್ಟು ವರ್ಷ ನಡೆದೀತು? ನಾಳೆ ನಿಜವಾಗಿಯೂ ತಿಂದುಬಿಟ್ಟರೆ ಅವಳು ಹೆದರದೆ ಬಂದು ಹೇಳಬೇಕು ಅಲ್ವಾ?

ಆರು ತಿಂಗಳಿಗೆ ಟಿಟಿಜಿ ಇಳಿಯಿತು. ತಾಯಿ ಮಗಳ ಕ್ಷಮೆ ಕೇಳಿದರೋ ಇಲ್ಲವೋ ಗೊತ್ತಿಲ್ಲ. ನಾನಂತೂ ಕೇಳಿದೆ.