ಪೇಟೆಂಟ್‌ನಲ್ಲಿ 'ಸಿಲಿಂಡರ್ ಆಕಾರ' ಅಂತ ಇದ್ದರೆ, ನಡು ಸಣ್ಣ ಇರುವ ನನ್ನ ಹಾರ್ಟ್ ವಾಲ್ವ್ ಡಿಸೈನ್‌ಗೆ ತೊಂದರೆ ಇಲ್ಲ ಅಲ್ವಾ?

ಪೊನ್ನಂಪೇಟೆಯಲ್ಲಿ ಓದುತ್ತಾ ಕ್ಯಾಥೆಟರ್ ವಾಲ್ವ್ (ರಕ್ತನಾಳದ ಮೂಲಕ ಸಣ್ಣ ನಳಿಕೆಯಲ್ಲಿ ಕಳಿಸಿ ಕೂರಿಸುವ ಹೃದಯದ ಕವಾಟ) ಪ್ರಾಜೆಕ್ಟ್‌ಗೆ ಕೈ ಹಾಕಿದ್ದೀರಲ್ಲ, ತುಂಬಾ ಖುಷಿಯಾಯಿತು. ನಾನು ಮಡಿಕೇರಿಯಿಂದಲೇ ಪೇಟೆಂಟ್ ಕೆಲಸ ಮಾಡುವವನು. ಆ ಒಂದು ಪದವನ್ನೇ ನಂಬಿ ಮುಂದೆ ಹೋಗಬೇಡಿ.

ಕ್ಲೇಮ್ ಅಂದರೆ ಪೇಟೆಂಟ್‌ನ ಹಕ್ಕು ಎಲ್ಲಿಯವರೆಗೆ ಅಂತ ಹೇಳುವ ವಾಕ್ಯ. ಅದು ಕಾಫಿ ತೋಟದ ಕ್ರಯಪತ್ರದಲ್ಲಿ ಬರೆಯುವ ಚಕ್ಕುಬಂದಿ ಇದ್ದಹಾಗೆ, ಹಕ್ಕು ಅದರೊಳಗೆ ಮಾತ್ರ. ಆದರೆ ಅದರ ಪದಕ್ಕೆ ಅರ್ಥ ಹೇಳುವಾಗ ಕೋರ್ಟು ಪೇಟೆಂಟ್‌ನ ವಿವರಣೆ, ಚಿತ್ರ ಎಲ್ಲಾ ನೋಡುತ್ತದೆ. ಸುಮ್ನೆ ಡಿಕ್ಷನರಿ ತೆರೆದು ನೋಡಿದರೆ ಸಾಲದು.

ನಿಮ್ಮ ಪ್ರಶ್ನೆಯದೇ ಜಗಳ ನಿಜವಾಗಿ ನಡೆದಿದೆ. ಡೆನ್ಮಾರ್ಕಿನ ಡಾಕ್ಟರ್ ಹೆನ್ನಿಂಗ್ ಆಂಡರ್ಸನ್ ಅವರ ಇಂಥದ್ದೇ ವಾಲ್ವ್‌ನ ಪೇಟೆಂಟ್ ಇಟ್ಟುಕೊಂಡು ಎಡ್ವರ್ಡ್ಸ್ ಕಂಪನಿ ಕೋರ್‌ವಾಲ್ವ್ ಅನ್ನುವ ಇನ್ನೊಂದು ವಾಲ್ವ್ ಕಂಪನಿ ಮೇಲೆ ಕೇಸು ಹಾಕಿತು. ಆ ಕಂಪನಿಯ ವಾಲ್ವ್‌ನ ಫ್ರೇಮ್ ತುದಿಗಳಲ್ಲಿ ಅಗಲ, ನಡುವೆ ಸಣ್ಣ, ಹೆಚ್ಚುಕಮ್ಮಿ ನಿಮ್ಮದರ ಹಾಗೇ. 2009ರಲ್ಲಿ ಇಂಗ್ಲೆಂಡಿನ ಕೋರ್ಟು ಇದು ಸಿಲಿಂಡರ್ ಆಕಾರ ಅಲ್ಲ, ಉಲ್ಲಂಘನೆ ಆಗಿಲ್ಲ ಅಂದಿತು. ಮರುವರ್ಷ ಅಮೆರಿಕದಲ್ಲಿ, ಅಲ್ಲಿನ ಪೇಟೆಂಟ್‌ನಲ್ಲೂ ಸಿಲಿಂಡರ್ ಅನ್ನುವ ಮಾತು ಇದ್ದರೂ, ಜ್ಯೂರಿ ಉಲ್ಲಂಘನೆ ಆಗಿದೆ ಅಂತ ತೀರ್ಪು ಕೊಟ್ಟು ಏಳು ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಹೇರಿತು. ಕ್ಲೇಮಿನ ವಾಕ್ಯಗಳು ಎರಡೂ ಕಡೆ ಪೂರ್ತಿ ಒಂದೇ ಆಗಿರಲಿಲ್ಲ, ಅದೂ ನೆನಪಿರಲಿ.

ಇನ್ನು ಕ್ಲೇಮಿನಲ್ಲಿ ಬರುವ 'ಕಾಂಪ್ರೈಸಿಂಗ್' (ಇವನ್ನು ಒಳಗೊಂಡ) ಅನ್ನುವ ಪದ. ಇದು ಇದ್ದರೆ ಕ್ಲೇಮಿನಲ್ಲಿ ಹೇಳಿದ್ದೆಲ್ಲಾ ನಿಮ್ಮ ವಾಲ್ವ್‌ನಲ್ಲಿದೆಯಾ ಅನ್ನುವುದಷ್ಟೇ ಲೆಕ್ಕ. ನೀವು ಸೋರಿಕೆ ತಡೆಯಲು ಹೊರಗೆ ಒಂದು ಬಟ್ಟೆಯ ಸ್ಕರ್ಟ್ ಸೇರಿಸಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. 'ಕನ್ಸಿಸ್ಟಿಂಗ್ ಆಫ್' (ಇವಿಷ್ಟರಿಂದಲೇ ಆದ) ಅಂತಿದ್ದರೆ ಕಥೆ ಬೇರೆ, ಅಲ್ಲಿ ಪಟ್ಟಿ ಮುಚ್ಚಿದ ಹಾಗೆ. ಹಾಗೆಯೇ ಒಂದನೇ ಕ್ಲೇಮಿನಲ್ಲಿ ಬರೀ 'ಸ್ಟೆಂಟ್' (ವಾಲ್ವ್ ಹಿಡಿದಿಡುವ ಲೋಹದ ಜಾಲರಿ ಕೊಳವೆ), ಅದನ್ನೇ ಆಧರಿಸಿದ ನಾಲ್ಕನೆಯದರಲ್ಲಿ 'ಸ್ಟೆಂಟ್ ನಿಟಿನಾಲ್‌ನದ್ದು' (ನಿಕ್ಕಲ್-ಟೈಟಾನಿಯಂ ಮಿಶ್ರಲೋಹದ್ದು) ಅಂತಿದ್ದರೆ, ಒಂದನೆಯದು ಸ್ಟೀಲ್ ಸ್ಟೆಂಟನ್ನೂ ಹಿಡಿಯುತ್ತದೆ ಅಂತಲೇ ಮೊದಲು ಅಂದುಕೊಳ್ಳಿ.

ಆಂಡರ್ಸನ್ ಪೇಟೆಂಟ್‌ನ ಅವಧಿ ಮುಗಿದಿದೆ, ಈಗ ನಿಮ್ಮನ್ನು ಕಾಡುವುದು ಅದರ ನಂತರ ಬಂದವು. ಭಾರತದಲ್ಲಿ ಮಂಜೂರಾದ ಕ್ಲೇಮ್‌ಗಳನ್ನೇ ಓದಿ. ಅರ್ಜಿಯಲ್ಲಿದ್ದ ಕ್ಲೇಮ್ ಮಂಜೂರಾಗುವಷ್ಟರಲ್ಲಿ ಎಷ್ಟೋ ಸಲ ಕಿರಿದಾಗಿರುತ್ತದೆ. ವಾಲ್ವ್ ಕೂರಿಸುವ ಚಿಕಿತ್ಸಾ ವಿಧಾನಕ್ಕಂತೂ 1970ರ ನಮ್ಮ ಕಾಯ್ದೆಯಲ್ಲಿ ಪೇಟೆಂಟೇ ಇಲ್ಲ.

ಒಂದು ಹಾಳೆಯ ಎಡಕ್ಕೆ ಒಂದನೇ ಕ್ಲೇಮನ್ನು ತುಂಡು ತುಂಡಾಗಿ ಬರೆಯಿರಿ, ಬಲಕ್ಕೆ ನಿಮ್ಮ ವಾಲ್ವ್‌ನ ಅದೇ ಭಾಗ. ಬಲಗಡೆ ಖಾಲಿ ಉಳಿದ ಸಾಲುಗಳನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ. ಡಿಸೈನನ್ನು ಮಾತ್ರ ಪೂರ್ತಿ ಹಾಕಬೇಡಿ, ಅರ್ಜಿ ಹಾಕುವ ಮುಂಚೆ ಬಹಿರಂಗವಾದರೆ ನಿಮ್ಮ ಪೇಟೆಂಟ್‌ಗೇ ಕುತ್ತು.