ಅಮ್ಮನ ಮಾನಿಟರ್ ಸದ್ದು ಬಂದ್ ಮಾಡಿಸಬಹುದಾ?

ಸೊಂಟದ ಆಪರೇಷನ್ ಆಗಿ ಅಮ್ಮ ಪುಣೆಯ ಆಸ್ಪತ್ರೆಯಲ್ಲಿದ್ದಾರೆ, ಮಾನಿಟರ್ ಸದ್ದಿಗೆ ನಿದ್ದೆಯಿಲ್ಲ, ಬಂದ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ನೀವಂತೂ ಗುಂಡಿ ಮುಟ್ಟಲೇಬೇಡಿ. ಆದರೆ ಸಿಸ್ಟರ್ ಹತ್ತಿರ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟೋ ಸಲ ಬೆರಳಿನ ಕ್ಲಿಪ್ ಜಾರಿರುತ್ತದೆ, ಇಲ್ಲವೇ ಕೈ ತಣ್ಣಗಾಗಿರುತ್ತದೆ, ಅಷ್ಟಕ್ಕೇ ಕೂಗುತ್ತದೆ. ಕ್ಲಿಪ್ ಸರಿಮಾಡಿ, ಅಲಾರಂ ಮಿತಿಯನ್ನು ಅಮ್ಮನಿಗೆ ತಕ್ಕಂತೆ ಡಾಕ್ಟರ್ ಹೊಂದಿಸಿದರೆ ಗಲಾಟೆ ಎಷ್ಟೋ ಕಡಿಮೆ. ಸುಳ್ಳು ಅಲಾರಂ ಜಾಸ್ತಿಯಾದರೆ ಸಿಸ್ಟರ್‌ಗಳ ಕಿವಿಗೂ ಅದು ರೂಢಿಯಾಗಿಬಿಡುತ್ತದೆ, ನಿಜವಾದದ್ದು ಕೂಗಿದಾಗಲೂ ತಡವಾಗಬಹುದು. ಹಾಗಾಗಿ ಇದು ಅವರಿಗೂ ಬೇಕಾದದ್ದೇ.

ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಪ್ರಕಾರ ರಾತ್ರಿ ವಾರ್ಡಿನಲ್ಲಿ ಸದ್ದು ಸರಾಸರಿ 30 ಡೆಸಿಬೆಲ್ ಮೀರಬಾರದು, ಅಂದರೆ ಪಿಸುಮಾತಿನಷ್ಟು. ನಮ್ಮ 2000ದ ಶಬ್ದಮಾಲಿನ್ಯ ನಿಯಮ ಆಸ್ಪತ್ರೆ ಸುತ್ತಲಿನಂಥ ಶಾಂತ ವಲಯಕ್ಕೆ ರಾತ್ರಿ 40 ಅನ್ನುತ್ತದೆ, ಅದು ಹೊರಗಿನ ಹಾರ್ನು, ಲೌಡ್‌ಸ್ಪೀಕರ್ ವಿಚಾರ. ಗಣಪತಿ ಹಬ್ಬದ ಪುಣೆಯಲ್ಲಿ ಅದರ ಗತಿ ನಿಮಗೇ ಗೊತ್ತಲ್ವಾ! ಒಳಗಿನ ಗದ್ದಲಕ್ಕೆ ನಮ್ಮ ಪಾಲೂ ಇದೆ. ಪಕ್ಕದ ಬೆಡ್ಡಿನವರ ಸ್ಪೀಕರ್ ಫೋನು, ಸ್ಟೀಲ್ ಸ್ಟೂಲ್ ಕಿರ್ರ್ ಅಂತ ಎಳೆಯುವುದು. ಮಾವಶಿಗೆ (ವಾರ್ಡಿನ ಆಯಾಗೆ) ನಗುತ್ತಾ ಮರಾಠಿಯಲ್ಲಿ ‘ಜರಾ ಹಳೂ’, ಅಂದರೆ ಸ್ವಲ್ಪ ಮೆಲ್ಲಗೆ, ಅನ್ನಿ, ಬಕೆಟ್ ಸದ್ದಾದರೂ ತಗ್ಗುತ್ತದೆ.

ಡಾಕ್ಟರನ್ನು ಕೇಳಿ ಫೋಮ್ ಇಯರ್‌ಪ್ಲಗ್ ಹಾಕಿ ನೋಡಿ. ಅಮ್ಮ ಹೊತ್ತು ಗೊತ್ತಿಲ್ಲದೆ ಏನೇನೋ ಮಾತಾಡತೊಡಗಿದರೆ ಮಾತ್ರ ಸುಮ್ನೆ ಕೂರಬೇಡಿ, ಕೂಡಲೇ ಹೇಳಿ. ವಯಸ್ಸಾದವರಿಗೆ ಆಪರೇಷನ್ ನಂತರ ಹಾಗಾಗುವುದುಂಟು, ನಿದ್ದೆಗೆಟ್ಟರೆ ಇನ್ನೂ ಹೆಚ್ಚಬಹುದು.